ವಕೀಲರ ಫೀಸು, ಕಕ್ಷಿದಾರರ ಫೈಲು: ಇದು ವೃತ್ತಿಯೋ, ವ್ಯಾಪಾರವೋ?

ವಕೀಲಿಕೆಯನ್ನು ವೃತ್ತಿ ಅನ್ನಬೇಕೋ ವ್ಯಾಪಾರ ಅನ್ನಬೇಕೋ ಎಂದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಈ ಸಲ ಹಲವು ಬಗೆಯಲ್ಲಿ ಕೇಳಿದ್ದಾರೆ. ಕೆಲವರದು ಸಿಟ್ಟಿನ ಪ್ರಶ್ನೆ, ಕೆಲವರದು ದಾರಿ ಕಾಣದವರ ಪ್ರಶ್ನೆ. ಒಬ್ಬರು ಸ್ವತಃ ಹೊಸ ವಕೀಲರು. ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ (ತುಮಕೂರು): ಪಾಲು ದಾವೆಗೆಂದು ವಕೀಲರಿಗೆ ಕಂತಿನಲ್ಲಿ ಅರವತ್ತು ಸಾವಿರ ಕೊಟ್ಟಿದ್ದೇನೆ. ಆರು ವರ್ಷವಾದರೂ ವಾಯಿದೆ ಮೇಲೆ ವಾಯಿದೆ. ಕೆಟ್ಟ ಮಿಕ್ಸಿ ಮಾರಿದ ಅಂಗಡಿಯವನ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದಂತೆ, ವಕೀಲರ ಮೇಲೆ ಹೋಗುವ ಹಾಗಿಲ್ಲವಂತೆ. ದುಡ್ಡು ತಗೊಳ್ಳುವಾಗ ವ್ಯಾಪಾರ, ಹೊಣೆ ಹೊರುವಾಗ ವೃತ್ತಿಯೇ?

ಉತ್ತರ: ನೀವು ಕೇಳಿದ್ದು ನಿಜ. 2024ರ ಮೇ 14ರಂದು ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ಕೋರ್ಟಿನಲ್ಲಿ ವಕೀಲರು ಏನು ಹೇಳಬೇಕು, ಎಲ್ಲಿ ರಾಜಿಯಾಗಬೇಕು, ಯಾವುದನ್ನು ಬಿಟ್ಟುಕೊಡಬಾರದು ಎನ್ನುವುದೆಲ್ಲ ಕಕ್ಷಿದಾರರ ಮಾತಿನಂತೆ ನಡೆಯಬೇಕು. ಹೀಗೆ ನೇರ ಹಿಡಿತದಲ್ಲಿ ನಡೆಯುವ ಕೆಲಸ ವೈಯಕ್ತಿಕ ಸೇವೆಯ ಕರಾರು, ಆ ಬಗೆಯ ಕರಾರನ್ನು ಕಾಯ್ದೆಯೇ ಹೊರಗಿಟ್ಟಿದೆ ಎಂಬುದು ಮುಖ್ಯ ಕಾರಣ. ವಕೀಲರಿಗೆ ಕೋರ್ಟಿನ ಬಗ್ಗೆಯೂ ಕರ್ತವ್ಯವಿದೆ. ಕಕ್ಷಿದಾರ ಹೇಳಿದನೆಂದು ಸುಳ್ಳು ದಾಖಲೆ ಹಾಜರುಪಡಿಸುವಂತಿಲ್ಲ. ಅಂಗಡಿಯವನಿಗೆ ಅಂಥ ಎರಡನೇ ಯಜಮಾನನಿಲ್ಲ.

ಹಾಗೆಂದು ಹೊಣೆ ತಪ್ಪಿಲ್ಲ. 1926ರ ಕಾನೂನು ವೃತ್ತಿನಿರತರ ಫೀಸು ಕಾಯ್ದೆ ವಕೀಲರು ತಮ್ಮ ಫೀಸಿಗಾಗಿ ದಾವೆ ಹೂಡಬಹುದು ಎನ್ನುತ್ತದೆ. ನಿರ್ಲಕ್ಷ್ಯಕ್ಕಾಗಿ ಕಕ್ಷಿದಾರ ಹೂಡುವ ದಾವೆಯಿಂದ ಅವರಿಗೆ ವಿನಾಯಿತಿ ಇಲ್ಲ ಎಂದು ಹೇಳುವುದೂ ಅದೇ ಕಾಯ್ದೆ. ದುರ್ನಡತೆಗೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಮೋಸವೇ ನಡೆದಿದ್ದರೆ ಪೊಲೀಸ್ ಠಾಣೆ ಇದ್ದೇ ಇದೆ. ಈ ಮೂರರ ಕೆಲಸ ಬೇರೆ ಬೇರೆ. ಪರಿಷತ್ತು ವಕೀಲರಿಗೆ ಛೀಮಾರಿ ಹಾಕಬಹುದು, ಕೆಲಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ನಿಮ್ಮ ನಷ್ಟವನ್ನು ವಸೂಲಿ ಮಾಡಿಕೊಡುವುದು ಸಿವಿಲ್ ಕೋರ್ಟಿನ ಕೆಲಸ. ಪರಿಷತ್ತಿಗೆ ದೂರು ಕೊಟ್ಟು ದುಡ್ಡು ವಾಪಸು ಬರುತ್ತದೆಂದು ಕಾದು ಕೂತವರಿಗೆ ಸಿವಿಲ್ ದಾವೆಯ ಮೂರು ವರ್ಷದ ಗಡುವು ಮೀರಿಹೋಗುತ್ತದೆ.

ಆದರೆ ದೂರು ಬರೆಯುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಮೊಕದ್ದಮೆಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಪ್ರತಿ ವಾಯಿದೆಯ ದಿನ ಏನಾಯಿತೆಂದು ಕಾಣುತ್ತದೆ, ಇದಕ್ಕೆ ಕಾಸು ಖರ್ಚಿಲ್ಲ. ಆರು ವರ್ಷದ ವಾಯಿದೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಪ್ರತಿಯೊಂದರ ಮುಂದೆ ಕಾರಣ ಹಾಕಿ. ಯಾರ ತಪ್ಪೆಂದು ಆಗ ಗೊತ್ತಾಗುತ್ತದೆ. ನ್ಯಾಯಾಧೀಶರ ಹುದ್ದೆ ಖಾಲಿಯಿದ್ದದ್ದು, ಪ್ರತಿವಾದಿಯ ವಕೀಲರು ಸಮಯ ಕೇಳಿದ್ದು ನಿಮ್ಮ ವಕೀಲರ ಲೆಕ್ಕಕ್ಕೆ ಬರುವುದಿಲ್ಲ. ‘ಪಿ.ಎಫ್. ಕಟ್ಟಿಲ್ಲ’, ‘ವಾದಿಪರ ಸಾಕ್ಷಿ ಇಲ್ಲ’, ‘ವಾದಿ ಮತ್ತು ವಕೀಲರು ಗೈರು’ ಎಂದು ಮೇಲಿಂದ ಮೇಲೆ ಇದ್ದರೆ ಕೇಳಲೇಬೇಕು. ಪಿ.ಎಫ್. ಎಂದರೆ ಸಮನ್ಸ್ ಹೊರಡಿಸಲು ಕಟ್ಟುವ ಸಣ್ಣ ಶುಲ್ಕ. ಅದನ್ನು ಕಟ್ಟದಿದ್ದರೆ ಸಮನ್ಸೇ ಹೋಗುವುದಿಲ್ಲ. ಕೊನೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9ರಡಿ ದಾವೆಯೇ ವಜಾ ಆಗಬಹುದು. ಗೈರುಹಾಜರಿಯಿಂದ ವಜಾ ಆದರೆ ಪುನಃ ಸ್ಥಾಪಿಸಲು ಅರ್ಜಿ ಹಾಕುವುದಕ್ಕೆ 30 ದಿನ ಮಾತ್ರ.

ಪಾಲು ದಾವೆಯಲ್ಲಿ ಇನ್ನೊಂದು ತೊಡಕಿದೆ, ಅದಕ್ಕೆ ಎಷ್ಟೋ ಸಲ ಕಾರಣ ಕಕ್ಷಿದಾರರೇ. ಹತ್ತು ಹದಿನೈದು ಪ್ರತಿವಾದಿಗಳಿರುವಾಗ ನಡುವೆ ಒಬ್ಬ ದೊಡ್ಡಪ್ಪನೋ ಅತ್ತೆಯೋ ತೀರಿಹೋಗುತ್ತಾರೆ. ಅವರ ವಾರಸುದಾರರನ್ನು 90 ದಿನದೊಳಗೆ ದಾವೆಗೆ ಸೇರಿಸಬೇಕು. ಇಲ್ಲದಿದ್ದರೆ ಸತ್ತವರ ಮಟ್ಟಿಗೆ ದಾವೆ ರದ್ದಾಗುತ್ತದೆ. ಅದನ್ನು ತೆಗೆಸಲು ಮತ್ತೆ 60 ದಿನ, ಅದೂ ದಾಟಿದರೆ ವಿಳಂಬ ಮನ್ನಿಸಿ ಎಂಬ ಅರ್ಜಿ. ತಿಥಿಗೆ ಹೋಗಿ ಊಟ ಮಾಡಿ ಬಂದವರು ವಕೀಲರಿಗೆ ಒಂದು ಫೋನ್ ಮಾಡದೇ ಇದ್ದುದರಿಂದ ಎರಡು ವರ್ಷ ಕಳೆದ ದಾವೆಗಳುಂಟು. ಅಲ್ಲದೆ ಪಾಲು ದಾವೆಗೆ (ಕಾನೂನಿನ ಮಾತಿನಲ್ಲಿ ವಿಭಾಗ ದಾವೆ) ಎರಡು ಮೆಟ್ಟಿಲು. ಮೊದಲು ಯಾರಿಗೆ ಎಷ್ಟು ಪಾಲು ಎಂಬ ಪ್ರಾಥಮಿಕ ಡಿಕ್ರಿ, ಆಮೇಲೆ ಗಡಿ ಹಾಕಿ ಹಂಚುವ ಅಂತಿಮ ಡಿಕ್ರಿಯ ನಡಾವಳಿ. ಕಂದಾಯ ಕಟ್ಟುವ ಜಮೀನಾದರೆ ಹಂಚುವ ಕೆಲಸ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿಗಳ ಕಡೆಗೆ ಹೋಗುತ್ತದೆ. ಅರವತ್ತು ಸಾವಿರ ಯಾವ ಮೆಟ್ಟಿಲಿನವರೆಗೆ ಎಂದು ಮೊದಲ ದಿನವೇ ಮಾತಾಡಿಕೊಳ್ಳದೆ ಇದ್ದುದೇ ಮುಂದೆ ಜಗಳಕ್ಕೆ ಬೀಜ.

ಪ್ರಶ್ನೆ (ಚಿಂತಾಮಣಿ): ನನ್ನ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡ. ನಾದಿನಿ, ಇಬ್ಬರು ಮಕ್ಕಳು, ನಮ್ಮ ತಾಯಿ ಇದ್ದಾರೆ. ವಕೀಲರೊಬ್ಬರು, ‘ಈಗ ಒಂದು ರೂಪಾಯಿ ಕೊಡಬೇಡಿ, ಪರಿಹಾರ ಬಂದಮೇಲೆ ನೂರಕ್ಕೆ ಇಪ್ಪತ್ತು ಕೊಡಿ’ ಎಂದಿದ್ದಾರೆ. ಬಡವರಿಗೆ ಇದು ಅನುಕೂಲವಲ್ಲವೇ? ತಪ್ಪೇನು?

ಉತ್ತರ: ಅನುಕೂಲದಂತೆ ಕಾಣುತ್ತದೆ, ಅದಕ್ಕೇ ಇಷ್ಟು ಹರಡಿದೆ. ಆದರೆ ವೃತ್ತಿಗೂ ವ್ಯಾಪಾರಕ್ಕೂ ನಡುವಿನ ಗೆರೆ ಸರಿಯಾಗಿ ಇಲ್ಲೇ ಇದೆ. ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳ 20ನೆಯದು, ಮೊಕದ್ದಮೆಯ ಫಲಿತಾಂಶವನ್ನು ಅವಲಂಬಿಸಿದ ಫೀಸನ್ನಾಗಲಿ, ಬಂದ ಹಣದಲ್ಲಿ ಪಾಲನ್ನಾಗಲಿ ವಕೀಲರು ಗೊತ್ತುಮಾಡಿಕೊಳ್ಳಬಾರದು ಎನ್ನುತ್ತದೆ. ಇದು ಬರೀ ಪುಸ್ತಕದ ಮಾತಲ್ಲ. ತೆಲಂಗಾಣದಿಂದ ಬಂದ ಒಂದು ಪ್ರಕರಣದಲ್ಲಿ, ಅಪಘಾತ ಪರಿಹಾರದ ಶೇಕಡಾ ಲೆಕ್ಕದ ಫೀಸಿಗೆಂದು ವಿಧವೆಯಿಂದ ಪಡೆದ ಚೆಕ್ಕು ಬೌನ್ಸ್ ಆಯಿತೆಂದು ವಕೀಲರು ಆಕೆಯ ಮೇಲೇ ಕ್ರಿಮಿನಲ್ ದೂರು ಹೂಡಿದ್ದರು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ದೂರನ್ನು ರದ್ದು ಮಾಡಿತು. ಅಂಥ ಒಪ್ಪಂದ ಕರಾರು ಕಾಯ್ದೆಯ 23ನೇ ಕಲಮಿಗೆ ವಿರುದ್ಧ, ವಕೀಲರ ಮಟ್ಟಿಗೆ ಅದು ವೃತ್ತಿ ದುರ್ನಡತೆ ಎಂದಿತು.

ನಿಮ್ಮ ಮನೆಯ ಲೆಕ್ಕವನ್ನೇ ಹಾಕಿ ನೋಡೋಣ. ತಮ್ಮನಿಗೆ 34 ವರ್ಷ, ತಿಂಗಳಿಗೆ 15,000 ರೂಪಾಯಿ ದುಡಿಮೆ ಎಂದಿಟ್ಟುಕೊಳ್ಳಿ. ಸ್ವಂತ ದುಡಿಮೆಯವರಿಗೆ, 40ರೊಳಗಿನ ವಯಸ್ಸಾದರೆ, ಮುಂದಿನ ಏಳಿಗೆಗೆಂದು ಶೇ 40 ಸೇರಿಸಬೇಕೆಂದು ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಥಿ ತೀರ್ಪು ಹೇಳಿದೆ. ಆಗ ತಿಂಗಳಿಗೆ 21,000, ವರ್ಷಕ್ಕೆ 2,52,000. ಅವಲಂಬಿತರು ನಾಲ್ವರಾದ್ದರಿಂದ ಸತ್ತವರ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಪಾಲು, 63,000 ಕಳೆಯಬೇಕು. ಉಳಿದದ್ದು 1,89,000. ಅದೇ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ 31ರಿಂದ 35ರ ವಯಸ್ಸಿಗೆ ಗುಣಕ, ಎಂದರೆ ವರ್ಷದ ಮೊತ್ತವನ್ನು ಗುಣಿಸಬೇಕಾದ ಸಂಖ್ಯೆ, 16. ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆ, ಒಡನಾಟದ ನಷ್ಟ ಮುಂತಾದ ನಿಗದಿತ ಮೊತ್ತಗಳೂ ಬಡ್ಡಿಯೂ ಇದರ ಮೇಲೆ. ಇದರಲ್ಲಿ ಶೇ 20 ಎಂದರೆ 6,04,800. ಆ ಹೆಣ್ಣುಮಗಳೂ ಮಕ್ಕಳೂ ಅತ್ತೆಯೂ ಮೂರು ವರ್ಷ ಮೀರಿ ಉಣ್ಣಬೇಕಾದ ಅನ್ನವದು. ಗುಣಕ ಕೋಷ್ಟಕದಲ್ಲಿದೆ, ಶೇಕಡಾ ತೀರ್ಪಿನಲ್ಲಿದೆ. ವಕೀಲರ ನಿಜವಾದ ದುಡಿಮೆ ಇರುವುದು ಎರಡು ಕಡೆ: ಎದುರಿನ ವಾಹನದ ತಪ್ಪು ಸಾಬೀತು ಮಾಡುವುದು, ತಿಂಗಳ ಆದಾಯ ಸಾಬೀತು ಮಾಡುವುದು. ತಮ್ಮ ಟೊಮೆಟೊ ಬೆಳೆಯುತ್ತಿದ್ದರೆ ಮಂಡಿಯ ಪಟ್ಟಿಗಳು, ಹಾಲು ಹಾಕುತ್ತಿದ್ದರೆ ಡೇರಿಯ ಪಾಸ್‌ಪುಸ್ತಕ, ರೇಷ್ಮೆಯಾದರೆ ಗೂಡು ಮಾರುಕಟ್ಟೆಯ ಚೀಟಿ ಹುಡುಕಿ ಕೊಡಿ. ಕಾಗದವಿಲ್ಲದಿದ್ದರೆ ನ್ಯಾಯಮಂಡಳಿ ಊಹೆಯ ಆದಾಯ ಹಿಡಿಯುತ್ತದೆ, ಅಲ್ಲಿ ಕಳೆದುಕೊಳ್ಳುವ ಒಂದೊಂದು ಸಾವಿರಕ್ಕೂ ಮೇಲಿನ ಲೆಕ್ಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೋಗುತ್ತದೆ.

ಪಾಲಿನ ಕರಾರಿನಲ್ಲಿ ಕೆಡುವುದು ಏನೆಂದರೆ, ವಕೀಲರ ಲಾಭವೂ ನಿಮ್ಮ ಲಾಭವೂ ಒಂದೇ ದಿಕ್ಕಿನಲ್ಲಿ ಕೊನೆಯವರೆಗೆ ಸಾಗುವುದಿಲ್ಲ. ಲೋಕ ಅದಾಲತ್ತಿನಲ್ಲಿ ವಿಮಾ ಕಂಪನಿ 18 ಲಕ್ಷಕ್ಕೆ ಒಪ್ಪಿತೆನ್ನಿ. ಇನ್ನೂ ಎರಡು ವರ್ಷ ಸಾಕ್ಷಿ ನಡೆಸಿ 30 ಲಕ್ಷ ತರುವ ಬದಲು ಈಗಲೇ 3,60,000 ಕೈಗೆ ಬಂದರೆ ಸಾಕು ಎಂದು ಪಾಲುದಾರನಾದ ವಕೀಲನಿಗೆ ಅನ್ನಿಸಬಹುದು. ಅದಾಲತ್ತಿನ ಅವಾರ್ಡು ಅಂತಿಮ, ಅದರ ಮೇಲೆ ಅಪೀಲಿಲ್ಲ. ಆದ್ದರಿಂದ ಸಹಿ ಹಾಕುವ ಮುಂಚೆ ಮೇಲಿನ ಲೆಕ್ಕ ನಿಮ್ಮ ಜೇಬಿನಲ್ಲಿರಲಿ.

ಈಗ ಮಾಡಬೇಕಾದದ್ದು. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಿಸಿ. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಆ ಮಿತಿ ಬಂದಿದೆ. ನಿಗದಿತ ಫೀಸನ್ನು ಕೇಳಿ, ಕಂತು ಕೇಳಿ. ಗೆದ್ದರೂ ಸೋತರೂ ಕೊಡಬೇಕಾದ ಒಂದು ಮೊತ್ತವನ್ನು ಕಂತಿನಲ್ಲಿ ಕೊಡುವುದಕ್ಕೆ ನಿಯಮದ ಅಡ್ಡಿಯಿಲ್ಲ. ಅಷ್ಟೂ ಕೈಲಾಗದಿದ್ದರೆ ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ನಿಮ್ಮ ನಾದಿನಿಯವರೇ ಅರ್ಜಿ ಕೊಡಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿ ಅವರಿಗೆ ಇಲ್ಲ. ಹಾಗೆ ನೇಮಕವಾದ ವಕೀಲರು ನಿಮ್ಮಿಂದ ಹಣ ಮುಟ್ಟುವಂತಿಲ್ಲ. ಸಹಾಯವಾಣಿ 15100. ಪರಿಹಾರದ ಹಣ ಹಕ್ಕುದಾರರ ಬ್ಯಾಂಕ್ ಖಾತೆಗೇ ನೇರ ಹೋಗಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ಹೇಳಿದೆ. ಹಾಗಾಗಿ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಹಿ ಮಾಡಿದ ಖಾಲಿ ಚೆಕ್ಕು, ಹಣ ತೆಗೆಯುವ ಚೀಟಿ ಇವು ಮನೆ ಬಿಟ್ಟು ಹೊರಗೆ ಹೋಗಬಾರದು. ಯಾವ ಗುಮಾಸ್ತರು ಎಷ್ಟು ನಯವಾಗಿ ಕೇಳಿದರೂ ಸರಿಯೇ.

ಪ್ರಶ್ನೆ (ಬಂಗಾರಪೇಟೆ): ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಜಮೀನು ಹೋಯಿತು. ‘ಪರಿಹಾರ ಜಾಸ್ತಿ ಮಾಡಿಸುತ್ತೇನೆ, ಒಳ್ಳೇ ಲಾಯರ್ ನನ್ನ ಕೈಲಿದ್ದಾರೆ, ಹೆಚ್ಚಾದದ್ದರಲ್ಲಿ ಅರ್ಧ ನಮಗೆ’ ಎಂದು ಒಬ್ಬ ಮನೆಗೆ ಬರುತ್ತಿದ್ದಾನೆ. ಅವನು ವಕೀಲನಲ್ಲ. ಅವನಿಗೆ ನಿಯಮ ಅಡ್ಡಬರುವುದಿಲ್ಲವಲ್ಲ?

ಉತ್ತರ: ಬರುತ್ತದೆ. ವಕೀಲರು ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳುವಂತಿಲ್ಲ. ಕಮಿಷನ್ನಿಗೆ ಕಕ್ಷಿದಾರರನ್ನು ಹಿಡಿದು ತರುವ ದಲ್ಲಾಳಿಗಳಿಗೆಂದು 2023ರ ತಿದ್ದುಪಡಿಯಿಂದ ವಕೀಲರ ಕಾಯ್ದೆಗೆ 45ಎ ಕಲಮು ಸೇರಿದೆ. ಹೈಕೋರ್ಟು, ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿಗಳು ವಿಚಾರಿಸಿ ಅಂಥವರ ಪಟ್ಟಿ ಮಾಡಿ ಪ್ರಕಟಿಸಬಹುದು, ಕೋರ್ಟಿನ ಆವರಣಕ್ಕೆ ಬರದಂತೆ ತಡೆಯಬಹುದು. ಪಟ್ಟಿಯಲ್ಲಿ ಹೆಸರಿದ್ದೂ ದಲ್ಲಾಳಿತನ ಮಾಡಿದರೆ 3 ತಿಂಗಳವರೆಗೆ ಸಜೆ, 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ಚಿಕ್ಕದಾಯಿತು ಎಂಬುದು ನಮ್ಮ ಅಭಿಪ್ರಾಯ. ವಕೀಲರೇ ಹೀಗೆ ಕೇಸು ಹಿಡಿಯಲು ನಿಂತರೆ ಏನು ಎಂಬುದನ್ನು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಮುಂಬೈನ ಮ್ಯಾಜಿಸ್ಟ್ರೇಟ್ ಕೋರ್ಟುಗಳ ಬಾಗಿಲಲ್ಲಿ ನಿಂತು ಬಂದವರ ಕೈಯಿಂದ ಕಾಗದ ಕಿತ್ತುಕೊಳ್ಳುತ್ತಿದ್ದ ವಕೀಲರ ಪ್ರಕರಣ ಅದು. ಅಂಥ ನಡತೆ ವೃತ್ತಿ ದುರ್ನಡತೆ ಎಂದು ಕೋರ್ಟು ಎತ್ತಿಹಿಡಿಯಿತು.

ಜಮೀನಿನ ವಿಷಯದಲ್ಲಿ ಆತನ ‘ಕೈಚಳಕ’ಕ್ಕೆ ಜಾಗವೇ ಇಲ್ಲ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಸಕ್ಷಮ ಪ್ರಾಧಿಕಾರ ಗೊತ್ತುಮಾಡಿದ ಮೊತ್ತ ಒಪ್ಪಿಗೆಯಾಗದಿದ್ದರೆ 3ಜಿ(5) ಕಲಮಿನಡಿ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಬೇಕು. ಬೆಲೆ ಏರುವುದು ಕಾಗದದಿಂದ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮು ಸುತ್ತಮುತ್ತಲ ಅಂಥದೇ ಜಮೀನಿನ ಹಿಂದಿನ 3 ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧವನ್ನು ತೆಗೆದುಕೊಂಡು ಸರಾಸರಿ ಹಾಕಲು ಹೇಳುತ್ತದೆ. ಅಕ್ಕಪಕ್ಕದ ಸರ್ವೆ ನಂಬರುಗಳ ಕ್ರಯಪತ್ರದ ನಕಲುಗಳನ್ನು ಉಪನೋಂದಣಿ ಕಚೇರಿಯಿಂದ ಪಡೆಯಿರಿ. ಬೋರ್‌ವೆಲ್, ಮಾವಿನ ಮರ, ಪೈಪ್‌ಲೈನು, ಶೆಡ್ಡು ಜಂಟಿ ಅಳತೆಯ ಪಟ್ಟಿಯಲ್ಲಿ ಸೇರಿವೆಯೇ ನೋಡಿ. ಬಿಟ್ಟುಹೋಗುವುದು ಹೆಚ್ಚಾಗಿ ಇವೇ. ಆತನಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಡಬೇಡಿ.

ಪ್ರಶ್ನೆ (ಮಾಲೂರು): ವಕೀಲರನ್ನು ಬದಲಾಯಿಸಬೇಕು. ಹಳಬರು ‘ಬಾಕಿ ಫೀಸು ಕೊಟ್ಟರೇ ಫೈಲು, ಎನ್‌ಓಸಿ (ಆಕ್ಷೇಪಣೆ ಇಲ್ಲವೆಂಬ ಒಪ್ಪಿಗೆ)’ ಎನ್ನುತ್ತಾರೆ. ಮೂಲ ಕ್ರಯಪತ್ರ ಅವರ ಹತ್ತಿರವೇ ಇದೆ.

ಉತ್ತರ: ಗ್ಯಾರೇಜಿನವನು ರಿಪೇರಿ ದುಡ್ಡು ಕೊಡುವ ತನಕ ಗಾಡಿ ಇಟ್ಟುಕೊಳ್ಳಬಹುದು. ವಕೀಲರು ಫೀಸಿಗಾಗಿ ಫೈಲು ಇಟ್ಟುಕೊಳ್ಳುವಂತಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಮಧ್ಯಪ್ರದೇಶದ ಸಹಕಾರಿ ಬ್ಯಾಂಕಿನ ಕಾನೂನು ಸಲಹೆಗಾರರೊಬ್ಬರು ಫೀಸು ಬಾಕಿಯಿದೆಯೆಂದು ಫೈಲುಗಳನ್ನು ಹಿಂದಿರುಗಿಸಿರಲಿಲ್ಲ. ಕಕ್ಷಿದಾರ ಯಾವಾಗ ಬೇಕಾದರೂ ವಕೀಲರನ್ನು ಬದಲಾಯಿಸಬಹುದು, ಫೈಲು ಕೊಡದೆ ಹಿಡಿದಿಡುವುದು ದುರ್ನಡತೆ, ಬಾಕಿ ಇದ್ದರೆ ಅದಕ್ಕೆ ಬೇರೆ ಕಾನೂನು ದಾರಿ ಹಿಡಿಯಲಿ ಎಂಬುದು ತೀರ್ಪು. ಅಪೀಲಿನ ಗಡುವು ಮೀರುತ್ತಿರುವ ಮನುಷ್ಯನ ಕಾಗದವನ್ನು ಹಿಡಿದಿಟ್ಟರೆ ನಷ್ಟ ಫೀಸಿನ ಮೊತ್ತಕ್ಕೆ ನಿಲ್ಲುವುದಿಲ್ಲ, ಜಮೀನೇ ಹೋಗಬಹುದು. ತೀರ್ಪಿನ ಹಿಂದಿನ ಕಾಳಜಿ ಇದೇ.

ಕ್ರಮ ಹೀಗಿರಲಿ. ಮೊದಲು ಹಳಬರಿಗೆ ಒಂದು ಪತ್ರ ಬರೆಯಿರಿ, ಸಿಟ್ಟಿನ ಮಾತು ಬೇಡ. ಮೊಕದ್ದಮೆ ಸಂಖ್ಯೆ, ನೀವು ಒಪ್ಪಿಸಿದ ಮೂಲ ದಾಖಲೆಗಳ ಪಟ್ಟಿ, ಇಂಥ ದಿನದೊಳಗೆ ಕೊಡಿ ಎಂಬ ಕೋರಿಕೆ, ಇದುವರೆಗಿನ ಲೆಕ್ಕ ಕೊಡಿ ಎಂಬ ಕೋರಿಕೆ. ಲೆಕ್ಕ ಕೇಳುವುದು ನಿಯಮಗಳಲ್ಲೇ ಇರುವ ನಿಮ್ಮ ಹಕ್ಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರ ಬರಲೆಂದು ಕಾಯುತ್ತ ಕೂರಬೇಡಿ. ಹೊಸ ವಕೀಲರು ತಮ್ಮ ವಕಾಲತ್ತಿನ ಜೊತೆ, ಎನ್‌ಓಸಿ ಸಿಗಲಿಲ್ಲವೆಂದು ವಿವರಿಸಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3 ನಿಯಮ 4ರಡಿ ಕೋರ್ಟಿನ ಅನುಮತಿ ಕೇಳುವ ಅರ್ಜಿ ಹಾಕಲಿ. ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮ 39 ಹಳೆಯ ವಕೀಲರ ಒಪ್ಪಿಗೆ ಬೇಕೆನ್ನುತ್ತದೆ ನಿಜ. ಒಪ್ಪಿಗೆ ಸಿಗದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ಪಡೆಯುವ ದಾರಿಯನ್ನು ತೋರಿಸುವುದೂ ಅದೇ ನಿಯಮ. ಕೋರ್ಟಿನಲ್ಲಿ ಈಗಾಗಲೇ ಸಲ್ಲಿಸಿರುವ ಕಾಗದಗಳಿಗೆ ಹಳಬರ ಹಂಗು ಬೇಡ, ನಕಲು ಶಾಖೆಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿದರೆ ಸಿಗುತ್ತವೆ. ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿದೆ. ಮೂಲ ಮಾತ್ರ ವಕೀಲರ ಕಪಾಟಿನಲ್ಲಿ ಉಳಿದಿದ್ದರೆ, ಪತ್ರಕ್ಕೂ ಜಗ್ಗದಿದ್ದರೆ, ಆಗ ಪರಿಷತ್ತಿಗೆ ದೂರು.

ದೂರು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ವಕೀಲರ ನೋಂದಣಿ ಸಂಖ್ಯೆ ವಕಾಲತ್ತಿನ ಮೇಲೆ ‘ಕೆಎಆರ್’ ಎಂದು ಶುರುವಾಗುವ ರೂಪದಲ್ಲಿರುತ್ತದೆ, ಬರೆದುಕೊಳ್ಳಿ. ತಾರೀಖಿನ ಸಮೇತ ಘಟನೆಗಳು, ಹಣ ಕೊಟ್ಟ ಪುರಾವೆ, ಅಂಚೆಯ ಸ್ವೀಕೃತಿ, ಇದಿಷ್ಟು ಪ್ರಮಾಣಪತ್ರದ ಜೊತೆ ಇರಲಿ. ಮೇಲ್ನೋಟಕ್ಕೆ ಹುರುಳಿದ್ದರೆ ಮೂವರ ಶಿಸ್ತು ಸಮಿತಿಗೆ ಹೋಗುತ್ತದೆ. ಒಂದು ವರ್ಷದಲ್ಲಿ ಅದು ಮುಗಿಸದಿದ್ದರೆ ವಕೀಲರ ಕಾಯ್ದೆಯ 36ಬಿ ಕಲಮಿನಂತೆ ದೂರು ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ರಾಜ್ಯ ಪರಿಷತ್ತಿನ ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಭಾರತೀಯ ಪರಿಷತ್ತಿಗೆ, ಅಲ್ಲಿಂದ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಅಪೀಲು. ಕೇಸು ಸೋತ ಮಾತ್ರಕ್ಕೆ ದೂರು ಕೊಟ್ಟರೆ ನಿಲ್ಲುವುದಿಲ್ಲ. ಸೋಲು ದುರ್ನಡತೆಯಲ್ಲ.

ಮತ್ತೆ, ಕೆಲಸ ಮಾಡಿದ ಹಳೆಯ ವಕೀಲರ ನ್ಯಾಯವಾದ ಬಾಕಿಯನ್ನು ಕೊಟ್ಟುಬಿಡಿ. ಫೈಲು ಹಿಡಿದಿಡಬಾರದು ಎಂಬುದು ಫೀಸು ಕೊಡಬೇಕಿಲ್ಲ ಎಂದಾಗುವುದಿಲ್ಲ.

ಪ್ರಶ್ನೆ (ಪಾವಗಡ): ಜಮೀನಿನ ಕೇಸಿಗೆ ಫೀಸಿನ ಮೇಲೆ ಶೇ 18 ಜಿಎಸ್‌ಟಿ ಬೇರೆ ಕೊಡಿ ಎಂದರು. ರಸೀತಿ ಕೇಳಿದರೆ ‘ವಕೀಲರು ರಸೀತಿ ಕೊಡುವ ಪದ್ಧತಿಯಿಲ್ಲ’ ಎಂದರು.

ಉತ್ತರ: ಎರಡೂ ತಪ್ಪು. ವ್ಯಾಪಾರ ಸಂಸ್ಥೆಯಲ್ಲದ ಸಾಮಾನ್ಯ ವ್ಯಕ್ತಿಗೆ ವಕೀಲರು ಕೊಡುವ ಕಾನೂನು ಸೇವೆಗೆ ಜಿಎಸ್‌ಟಿ ವಿನಾಯಿತಿಯಿದೆ. ವಹಿವಾಟು ಮಿತಿ ದಾಟಿದ ಸಂಸ್ಥೆಗಳು ಕಕ್ಷಿದಾರರಾದರೆ ತೆರಿಗೆಯನ್ನು ಆ ಸಂಸ್ಥೆಯೇ ಸರ್ಕಾರಕ್ಕೆ ಕಟ್ಟಬೇಕು. ರೈತರಾದ ನಿಮ್ಮಿಂದ ವಸೂಲಿ ಮಾಡಲು ಏನೂ ಇಲ್ಲ.

ರಸೀತಿ ಬಗ್ಗೆ ಹೇಳುವುದಾದರೆ, ಕಕ್ಷಿದಾರರ ಹಣಕ್ಕೆ ಲೆಕ್ಕ ಇಡುವುದು ವಕೀಲರ ಕರ್ತವ್ಯವೆಂದು ಪರಿಷತ್ತಿನ ನಡತೆ ನಿಯಮ 25 ಹೇಳುತ್ತದೆ. ಬಂದದ್ದು ಫೀಸಿಗೋ ಖರ್ಚಿಗೋ ಎಂದು ಬೇರೆ ಬೇರೆ ಬರೆಯಬೇಕು, ಖರ್ಚಿಗೆಂದು ಪಡೆದದ್ದನ್ನು ಕಕ್ಷಿದಾರರ ಲಿಖಿತ ಒಪ್ಪಿಗೆಯಿಲ್ಲದೆ ಫೀಸಿಗೆ ತಿರುಗಿಸಬಾರದು ಎನ್ನುವುದು ನಿಯಮ 26. ಹಣ ಸೋರಿಹೋಗುವುದು ‘ಕೋರ್ಟ್ ಖರ್ಚು’ ಎಂಬ ಒಂದೇ ಮಾತಿನಲ್ಲಿ. ಉದಾಹರಣೆಗೆ, ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಹೂಡುವ ವಿಭಾಗ ದಾವೆಗೆ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ 35(2) ಕಲಮಿನಡಿ ಸಣ್ಣ ನಿಗದಿತ ಶುಲ್ಕ, ಜಮೀನು ಕೋಟಿ ಬಾಳಿದರೂ ಅಷ್ಟೇ. ಸ್ವಾಧೀನದಿಂದ ಹೊರಗಿಟ್ಟಿದ್ದಾರೆ ಎಂದು ಹೂಡಿದರೆ ಮಾತ್ರ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ‘ಕೋರ್ಟ್ ಫೀಗೇ ಐವತ್ತು ಸಾವಿರ’ ಎಂದರೆ ದಾವಾಪತ್ರದ ಕೊನೆಯಲ್ಲಿರುವ ಮೌಲ್ಯಮಾಪನ ಹಾಳೆಯನ್ನೂ ಕಟ್ಟಿದ ರಸೀತಿಯನ್ನೂ ತೋರಿಸಲು ಕೇಳಿ.

ಒಂದು ಹಾಳೆಯ ಒಪ್ಪಂದ ಸಾಕು. ಯಾವ ಕೋರ್ಟಿನ ಯಾವ ಕೆಲಸ, ಎಲ್ಲಿಯವರೆಗೆ (ಮಧ್ಯಂತರ ತಡೆಯಾಜ್ಞೆ ಅರ್ಜಿಯೂ ಸೇರಿದೆಯೇ, ಅಪೀಲು ಬೇರೆಯೇ), ಫೀಸು ಎಷ್ಟು, ಯಾವ ಹಂತದಲ್ಲಿ ಎಷ್ಟು, ಟೈಪಿಂಗು, ನಕಲು, ಪಿ.ಎಫ್., ಕಮಿಷನರ್ ಫೀ ಯಾರದು, ವಕೀಲರು ನಡುವೆ ಬಿಟ್ಟರೆ ದುಡಿಯದ ಫೀಸನ್ನು ಮರಳಿಸುವುದು. ಕೊನೆಯದು ಹೇಗೂ ನಿಯಮ 12ರಲ್ಲಿದೆ. ಹಣವನ್ನು ಯುಪಿಐನಲ್ಲೋ ಚೆಕ್ಕಿನಲ್ಲೋ ಕೊಡಿ, ಗುಮಾಸ್ತರ ಕೈಗೆ ನಗದು ಬೇಡ. ವಕಾಲತ್ತಿಗೆ ಸಹಿ ಹಾಕುವಾಗ ಮೊಕದ್ದಮೆಯ ವಿವರ ತುಂಬಿರಲಿ. ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರದ ಸಾಲುಗಳು ಅಚ್ಚಾದ ನಮೂನೆಯಲ್ಲೇ ಇರುತ್ತವೆ, ಬೇಡವಾದರೆ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ. ನಮೂನೆಯಲ್ಲಿ ಇದ್ದರೂ ಕಕ್ಷಿದಾರರ ಸ್ಪಷ್ಟ ಸೂಚನೆಯಿಲ್ಲದೆ ವಕೀಲರು ಹಕ್ಕು ಬಿಟ್ಟುಕೊಡಬಾರದೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ (ಶಿಡ್ಲಘಟ್ಟ): ನಾನು ಎರಡು ವರ್ಷದ ವಕೀಲ. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ತಂದೆಯ ನಂತರ ನಾನೇ ನೋಡಿಕೊಳ್ಳಬಹುದೇ? ಬೋರ್ಡಿನ ಮೇಲೆ ‘ಭೂ ವ್ಯಾಜ್ಯ ತಜ್ಞ’ ಎಂದು ಹಾಕಬಹುದೇ? ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್?

ಉತ್ತರ: ನಿಯಮ 47ರಂತೆ ವಕೀಲರು ಸ್ವತಃ ವ್ಯಾಪಾರ ನಡೆಸುವಂತಿಲ್ಲ. ಆದರೆ ಪಿತ್ರಾರ್ಜಿತವಾಗಿ ಬಂದ ಉದ್ಯಮದಲ್ಲಿ ಪಾಲು ಇಟ್ಟುಕೊಳ್ಳಬಹುದು, ಆಡಳಿತಕ್ಕೆ ಕೈಹಾಕಬಾರದು ಎಂದು ನಿಯಮ 50 ಹೇಳುತ್ತದೆ. ಎಂದರೆ ಲಾಭದ ಪಾಲು ಬರಲಿ, ಬೆಳಗ್ಗೆ ಗೂಡು ಹರಾಜಿನಲ್ಲಿ ನಿಲ್ಲುವುದು, ಕೂಲಿ ಬಟವಾಡೆ, ಬ್ಯಾಂಕಿನ ಸಹಿ ಇವು ತಮ್ಮನದೋ ಮ್ಯಾನೇಜರರದೋ ಆಗಿರಲಿ. ಪೂರ್ಣಾವಧಿ ಸಂಬಳದ ನೌಕರಿಯೂ ಕೂಡದು. ಅರೆಕಾಲಿಕವಾಗಿ ಕಾನೂನು ಪಾಠ ಹೇಳಬಹುದು. ಮುಂಬೈನ ವೈದ್ಯರೊಬ್ಬರು ವೈದ್ಯಕೀಯವನ್ನೂ ವಕೀಲಿಕೆಯನ್ನೂ ಒಟ್ಟಿಗೆ ನಡೆಸುತ್ತೇನೆಂದಾಗ 1996ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಒಪ್ಪಲಿಲ್ಲ. ಕಕ್ಷಿದಾರನ ಕೆಲಸಕ್ಕೆ ಪೂರ್ತಿ ಗಮನ ಬೇಕು ಎಂಬುದು ಕಾರಣ.

ಬೋರ್ಡಿನಲ್ಲಿ ‘ತಜ್ಞ’ ಬೇಡ. ನಿಯಮ 36 ಸಾಧಾರಣ ಅಳತೆಯ ಫಲಕವನ್ನಷ್ಟೇ ಒಪ್ಪುತ್ತದೆ, ಅದರಲ್ಲಿ ಪರಿಣತಿ, ಸಂಘದ ಪದವಿ, ಹಿಂದೆ ನ್ಯಾಯಾಧೀಶನಾಗಿದ್ದೆ ಎಂಬುದು ಯಾವುದೂ ಇರಬಾರದು. 2008ರ ತಿದ್ದುಪಡಿಯ ನಂತರ ಜಾಲತಾಣದಲ್ಲಿ ಹೆಸರು, ವಿಳಾಸ, ನೋಂದಣಿ ವಿವರ, ವಿದ್ಯಾರ್ಹತೆ, ಯಾವ ಬಗೆಯ ಮೊಕದ್ದಮೆ ನಡೆಸುತ್ತೀರಿ ಎಂಬುದನ್ನು ಹಾಕಬಹುದು. ಪೌತಿ ಖಾತೆಗೆ ಏನೇನು ಕಾಗದ ಬೇಕು ಎಂದು ಜನರಿಗೆ ತಿಳಿಸುವ ವಿಡಿಯೊ ಒಂದು ಮಾತು, ಗೆದ್ದ ಕೇಸಿನ ಆದೇಶ ಹಿಡಿದು ‘ಕರೆ ಮಾಡಿ’ ಎಂದು ನಂಬರ್ ತೋರಿಸುವ ರೀಲ್ಸ್ ಇನ್ನೊಂದು ಮಾತು. ಎರಡನೆಯದು ಜಾಹೀರಾತೇ. ವಕೀಲರನ್ನು ರೇಟಿಂಗ್ ಹಾಕಿ ಬೆಲೆಪಟ್ಟಿಯಂತೆ ತೋರಿಸುವ ಜಾಲತಾಣಗಳ ವಿರುದ್ಧ 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಕಟುವಾಗಿ ಮಾತಾಡಿತು. ಅಂಥ ಕಡೆ ಹೆಸರು ಕೊಟ್ಟವರ ಮೇಲೆ ಶಿಸ್ತುಕ್ರಮಕ್ಕೂ ಸೂಚಿಸಿತು. ಕೇಸು ಬರುವುದು ನಿಧಾನ ಎಂಬ ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ. ಕಾನೂನು ಸೇವಾ ಸಮಿತಿಯ ವಕೀಲರ ಪಟ್ಟಿಗೆ ಅರ್ಜಿ ಹಾಕಿ. ಸಾಕ್ಷಿ ವಿಚಾರಣೆ, ಪಾಟೀಸವಾಲು ಕೈಗೆ ಸಿಗುವುದು ಅಲ್ಲಿ.

ಪ್ರಶ್ನೆ (ಗುಬ್ಬಿ): ಮಗಳು ಕಾನೂನು ಓದಿ ಹಿರಿಯ ವಕೀಲರ ಕಚೇರಿ ಸೇರಿದ್ದಾಳೆ. ತಿಂಗಳಿಗೆ ಮೂರು ಸಾವಿರ ಕೊಡುತ್ತಾರೆ, ಬಸ್ ಚಾರ್ಜಿಗೂ ಸಾಲದು. ‘ಇದು ವೃತ್ತಿ, ಸಂಬಳ ಕೇಳಬಾರದು’ ಎನ್ನುತ್ತಾರಂತೆ. ವೃತ್ತಿ ಎಂದರೆ ಉಪವಾಸವೇ?

ಉತ್ತರ: ಅಲ್ಲ. ಕಲಿಸುವುದು ವೃತ್ತಿಯ ಧರ್ಮವಾದರೆ ಕಲಿಯುವವರ ಹೊಟ್ಟೆ ನೋಡುವುದೂ ಅದರಲ್ಲೇ ಸೇರಿದೆ. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಅದು ಶಿಫಾರಸು, ಕಡ್ಡಾಯವಲ್ಲ. ತಾಲ್ಲೂಕು ಕೋರ್ಟಿನ ಎಷ್ಟೋ ಹಿರಿಯರಿಗೆ ಅಷ್ಟು ಕೊಡುವ ಶಕ್ತಿ ಇಲ್ಲ ಎಂಬುದನ್ನೂ ಒಪ್ಪಬೇಕು. ಶಕ್ತಿಯಿದ್ದೂ ಕೊಡದವರಿಗೆ ‘ವೃತ್ತಿ’ ಎಂಬ ಮಾತು ನೆಪವಾಗಬಾರದು.

ಮಗಳಿಗೆ ಹೇಳಿ: ಸಂಬಳದ ಜೊತೆಗೆ ಏನು ಕೆಲಸ ಸಿಗುತ್ತದೆ ಎಂದೂ ನೋಡಲಿ. ವರ್ಷ ಕಳೆದರೂ ವಾಯಿದೆ ಕೇಳುವುದೇ ಕೆಲಸವಾಗಿದ್ದರೆ ಕಚೇರಿ ಬದಲಾಯಿಸಬೇಕು. ದಾವಾಪತ್ರ, ಪ್ರತಿವಾದ ಪತ್ರ ಬರೆಸಿ ತಿದ್ದುವ, ಚೆಕ್ ಬೌನ್ಸ್ ಕೇಸಿನಲ್ಲಿ ಪಾಟೀಸವಾಲು ಮಾಡಲು ಬಿಡುವ ಹಿರಿಯರು ಸಿಕ್ಕರೆ ಎರಡು ವರ್ಷ ತಡೆದುಕೊಳ್ಳಬಹುದು. ತನ್ನ ಸ್ವಂತ ವಕಾಲತ್ತುಗಳಿಗೆ ಫೀಸು ತೆಗೆದುಕೊಳ್ಳುವ ಬಗ್ಗೆ ಹಿರಿಯರ ಜೊತೆ ಮೊದಲೇ ಬಿಚ್ಚಿ ಮಾತಾಡಿಕೊಳ್ಳಲಿ. ಇನ್ನೊಬ್ಬ ಮಗಳನ್ನೂ ಓದಿಸುತ್ತಿದ್ದೀರೆಂದು ಬರೆದಿದ್ದೀರಿ. ಆಕೆಯ ನೋಂದಣಿಗೆ ಸಾಲ ಮಾಡಬೇಡಿ. ಹಿಂದೆ ರಾಜ್ಯಗಳ ಪರಿಷತ್ತುಗಳು ಹತ್ತಾರು ಸಾವಿರ ಕಟ್ಟಿಸಿಕೊಳ್ಳುತ್ತಿದ್ದವು. 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಅದಕ್ಕಿಂತ ಹೆಚ್ಚನ್ನು ನೋಂದಣಿಯ ಷರತ್ತಾಗಿ ಯಾವ ಹೆಸರಿನಲ್ಲಿ ಕೇಳಿದರೂ ಲಿಖಿತವಾಗಿ ಕೊಡಿ ಎನ್ನಿ.